ಕಾಡಾರಂಭದ ಅರ್ಥ: ನೆರೆಭಾಷೆಗೆ ಇಂಗ್ಲಿಷಿನ ಸುತ್ತುದಾರಿ

ಕನ್ನಡ ನಿಘಂಟುಗಳ ಚರಿತ್ರೆಯನ್ನು ನಾವೆಲ್ಲ ಒಂದೇ ಕ್ರಮದಲ್ಲಿ ಕಲಿತಿದ್ದೇವೆ. 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಬಂತು. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂತು. 1970ರಿಂದ 1995ರವರೆಗೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಬಂದವು. ಇತ್ತೀಚೆಗೆ, 2019ರಲ್ಲಿ, ವಿ. ಕೃಷ್ಣ ಅವರ ನಾಲ್ಕು ದಶಕಗಳ ದುಡಿಮೆಯ ಕನ್ನಡ–ಇಂಗ್ಲಿಷ್ ಕೋಶ ‘ಅಲರ್’ ಹೆಸರಿನಲ್ಲಿ ಎಲ್ಲರ ಕೈಗೂ ಉಚಿತವಾಗಿ ದಕ್ಕಿತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಈ ಸಾಧನೆಯ ಬಗ್ಗೆ ನನಗೆ ತಕರಾರಿಲ್ಲ. ಇವುಗಳಲ್ಲಿ ಹಲವನ್ನು ದಿನವೂ ತೆರೆಯುತ್ತೇನೆ. ನನ್ನ ಜಗಳವಿರುವುದು ಈ ಚರಿತ್ರೆಯ ಜೊತೆಗೇ ನಾವು ನುಂಗಿಕೊಂಡಿರುವ ಎರಡು ನಂಬಿಕೆಗಳೊಂದಿಗೆ. ಒಂದು, ಕನ್ನಡ ಪದಕ್ಕೆ ಹೊರಗಿನ ಅರ್ಥ ಬೇಕೆಂದರೆ ಅದು ಇಂಗ್ಲಿಷಿನಲ್ಲೇ ಸಿಗಬೇಕು. ತಮಿಳು, ತೆಲುಗಿನ ಪದಕ್ಕೆ ಕನ್ನಡದ ಅರ್ಥ ಬೇಕಾದಾಗಲೂ ಇಂಗ್ಲಿಷಿನ ಮೂಲಕ ಹೋಗಿಬಂದರೆ ಸಾಕು. ಇನ್ನೊಂದು, ತಮಿಳು ಹೇಗೂ ಪಕ್ಕದ ಭಾಷೆ, ದ್ರಾವಿಡ ಬಂಧು, ಅದಕ್ಕೂ ನಮಗೂ ನಡುವೆ ನಿಘಂಟಿನ ತುರ್ತೇನೂ ಇಲ್ಲ.

ಎರಡೂ ನಂಬಿಕೆಗಳು ತಪ್ಪು. ಬೆಂಗಳೂರಿನ ಗ್ರಂಥಾಲಯದಲ್ಲಿ ಕೂತರೆ ಅವು ತಪ್ಪೆಂದು ಕಾಣುವುದಿಲ್ಲ. ತಮಿಳುನಾಡಿನ ಗಡಿಯ ಬಳಿಯ ಶಾಗ್ಯ, ಹನೂರು, ರಾಮಾಪುರದ ಕಡೆ ಮಾತಿಗೆ ಕಿವಿಗೊಟ್ಟರೆ ಕಾಣುತ್ತವೆ.

ಆ ಸೀಮೆಯ ಸಂಗತಿಯನ್ನು ಮೊದಲು ಹೇಳಬೇಕು. ಈಗ ಹನೂರು ತಾಲ್ಲೂಕಾಗಿರುವ ಶಾಗ್ಯದ ನೆಲವೂ ಸೇರಿದಂತೆ ಹಳೆಯ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರು ಸಂಸ್ಥಾನದ ಭಾಗ. ಒಂದೇ ಬಯಲಿನ ಎರಡು ಊರುಗಳು ಎರಡು ಸರ್ಕಾರಗಳ ಕಾಗದದ ಭಾಷೆಯಲ್ಲಿ ಬದುಕಿದವು. ನೀರಾವರಿ ಭೂಮಿಗೂ ಮಳೆಯಾಶ್ರಿತ ಭೂಮಿಗೂ ಮೈಸೂರಿನ ಕಡತದಲ್ಲಿ ತರಿ, ಖುಷ್ಕಿ; ಮದ್ರಾಸಿನ ಕಡತದಲ್ಲಿ ನಂಜೆ, ಪುಂಜೆ. ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯಗಳಲ್ಲಿ ಮನೆಮಾತು ತಮಿಳು. ಗಡಿ ದಾಟಿ ಅಂದಿಯೂರಿನ ದಾರಿ ಹಿಡಿದರೆ ಸಿಗುವ ಬರಗೂರು ಬೆಟ್ಟದಲ್ಲಿ ದನ ಕಾಯುವ ಲಿಂಗಾಯತರ ಮನೆಮಾತು ಕನ್ನಡ. ತಾಳವಾಡಿಯ ಕನ್ನಡಿಗರು 1956ರಲ್ಲಿ ಆಚೆಯೇ ಉಳಿದರು. ಮಲೆ ಮಹದೇಶ್ವರನ ಜಾತ್ರೆಗೆ ಸೇಲಂ, ಈರೋಡು ಕಡೆಯಿಂದ ಬರುವ ಒಕ್ಕಲು ತಮಿಳಿನಲ್ಲಿ ಹರಕೆ ಹೇಳುತ್ತದೆ, ಕಂಸಾಳೆಯವರು ಕನ್ನಡದಲ್ಲಿ ಹಾಡುತ್ತಾರೆ. ಕಾಡಂಚಿನ ಹಾಡಿಗಳಲ್ಲಿ ಸೋಲಿಗರ ನುಡಿ.

ಇಂಥ ಕಡೆಯ ಕನ್ನಡವನ್ನು ಮೈಸೂರಿನ ಪಂಡಿತರು ಬಹಳ ಕಾಲದಿಂದ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ: ‘ತಮಿಳು ಬೆರೆತ ಕನ್ನಡ’. ಬೆರಕೆ ಎಂದಮೇಲೆ ಅದರ ಪದಗಳನ್ನು ನಿಘಂಟಿಗೆ ಸೇರಿಸುವ ಹೊಣೆ ತಪ್ಪಿತು. ಅರ್ಥವಾಗದಿದ್ದರೆ ತಮಿಳೆಂದು ತಳ್ಳಿಹಾಕಬಹುದು, ತಮಿಳೆಂದಮೇಲೆ ತಮಿಳು–ಇಂಗ್ಲಿಷ್ ನಿಘಂಟು ನೋಡಿಕೊಳ್ಳಬಹುದು. ಹೀಗೆ ಒಂದು ತಪ್ಪು ಇನ್ನೊಂದಕ್ಕೆ ಊರುಗೋಲಾಗಿದೆ.

ಒಂದು ಪದವನ್ನು ಹತ್ತಿರದಿಂದ ನೋಡೋಣ. ಗಡಿಯಾಚೆಯ ಕೊಂಗು ನಾಡಿನ ರೈತ ‘ಕಾಟ್ಟುಕ್ಕು ಪೋರೇನ್’ ಎನ್ನುತ್ತಾನೆ. ತಮಿಳು–ಇಂಗ್ಲಿಷ್ ನಿಘಂಟು ತೆರೆದರೆ ಮೊದಲು ಸಿಗುವುದು ‘ಫಾರೆಸ್ಟ್’. ಅಲ್ಲಿಂದ ಇಂಗ್ಲಿಷ್–ಕನ್ನಡಕ್ಕೆ ಬಂದರೆ ಅರಣ್ಯ, ಕಾಡು. ಎರಡು ನಿಘಂಟುಗಳೂ ತಮ್ಮ ಮಟ್ಟಿಗೆ ಸರಿ, ಪದವೂ ಎರಡು ಭಾಷೆಗಳಲ್ಲಿ ಒಂದೇ, ಹಾಗಾಗಿ ಅನುಮಾನಕ್ಕೆ ಎಡೆಯೇ ಇಲ್ಲ. ಆದರೆ ಆ ರೈತ ಹೊರಟಿರುವುದು ತನ್ನ ಹೊಲಕ್ಕೆ. ಕೊಂಗು ತಮಿಳಿನಲ್ಲಿ ‘ಕಾಡು’ ಎಂದರೆ ಮಳೆಯಾಶ್ರಿತ ಬೇಸಾಯದ ಭೂಮಿ. ಬಾವಿ ನೀರಿನ ಭೂಮಿ ‘ತೋಟ್ಟಂ’. ನಮ್ಮ ಕಾಡು ಮತ್ತು ತೋಟ ಎಂಬ ಜೋಡಿಯನ್ನು ಅಲ್ಲಿಟ್ಟು ಓದಿದರೆ ಆ ಸೀಮೆಯ ಇಡೀ ಬೇಸಾಯ ತಲೆಕೆಳಗಾಗುತ್ತದೆ.

ಇದು ಬರಿಯ ವೇಷಧಾರಿ ಪದ, ರೂಪ ಒಂದೇ ಆಗಿ ಅರ್ಥ ಬೇರೆಯಾದದ್ದು, ಎಲ್ಲ ಬಂಧುಭಾಷೆಗಳಲ್ಲೂ ಇರುವಂಥದ್ದು ಎಂದು ಇಲ್ಲಿಗೇ ಬಿಟ್ಟುಬಿಡುವವರಿದ್ದಾರೆ. ನನ್ನ ವಾದ ಶುರುವಾಗುವುದೇ ಇಲ್ಲಿಂದ. ಹೊಲವೆಂಬ ಆ ಅರ್ಥ ಕನ್ನಡಕ್ಕೆ ಹೊರಗಿನದಲ್ಲ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಗದ್ದೆ, ಬೆದ್ದಲುಗಳ ಜೊತೆ ಎಣಿಸಿಕೊಳ್ಳುವ ಎರಡು ಪದಗಳನ್ನು ನೆನೆಯಿರಿ: ನೀರಾರಂಭ, ಕಾಡಾರಂಭ. ನೀರಾವರಿ ಬೇಸಾಯ ನೀರಾರಂಭ, ಮಳೆ ಬೇಸಾಯ ಕಾಡಾರಂಭ. ಕೊಂಗು ರೈತನ ‘ಕಾಡು’ ನಮ್ಮದೇ ಸಮಾಸಪದವೊಂದರೊಳಗೆ ಶತಮಾನಗಳಿಂದ ಕೂತಿದೆ. ಇಂಗ್ಲಿಷಿನ ಮೂಲಕ ಹೋದವನಿಗೆ ಅದು ಎಂದೂ ಸಿಗುವುದಿಲ್ಲ, ಏಕೆಂದರೆ ‘ಫಾರೆಸ್ಟ್’ ಎಂಬ ಪದಕ್ಕೆ ಬೇಸಾಯದ ನಂಟಿಲ್ಲ. ಅದಕ್ಕಿರುವ ನಂಟು ಬೇರೆಯದು. 1882ರ ಮದ್ರಾಸ್ ಅರಣ್ಯ ಕಾಯಿದೆ ಕೊಳ್ಳೇಗಾಲ ಸೀಮೆಗೂ ಅನ್ವಯಿಸಿತ್ತು, ಆ ಕಾಯಿದೆಯ ಭಾಷೆಯಲ್ಲಿ ಅರಣ್ಯವೆಂದರೆ ಸರ್ಕಾರ ತನ್ನದೆಂದು ಗುರುತು ಹಾಕಿಕೊಂಡ ನೆಲ. ಇಂದು ಅದೇ ಸೀಮೆಯಲ್ಲಿ ಕಾವೇರಿ ವನ್ಯಧಾಮವಿದೆ, ಮಲೆ ಮಹದೇಶ್ವರ ವನ್ಯಧಾಮವಿದೆ, ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶವಿದೆ. ‘ನಮ್ಮ ಕಾಡು’ ಎಂದು ಒಬ್ಬ ಹೇಳಿದ್ದನ್ನು ದಾಖಲೆಗೆ ಬರೆದುಕೊಳ್ಳುವವರು ಯಾವ ಅರ್ಥ ಹಿಡಿದರು ಎಂಬುದು ಅಲ್ಲಿ ಹೊಟ್ಟೆಪಾಡಿನ ಪ್ರಶ್ನೆ. ಇಂಗ್ಲಿಷನ್ನು ತಟಸ್ಥ ಮಧ್ಯವರ್ತಿ ಎನ್ನುವವರು ಈ ಕಡೆ ಸ್ವಲ್ಪ ನೋಡಬೇಕು.

ಹೀಗಾಗುವುದು ಒಂದು ಪದಕ್ಕಷ್ಟೇ ಅಲ್ಲ. ತಮಿಳಿನ ‘ತೂಂಗು’ ಎಂದರೆ ನಿದ್ದೆ ಮಾಡು. ‘ಸ್ಲೀಪ್’ ದಾಟಿ ಬಂದರೆ ಕನ್ನಡದಲ್ಲಿ ‘ಮಲಗು’, ‘ನಿದ್ರಿಸು’ ಸಿಗುತ್ತವೆ. ಅನುವಾದದ ಮಟ್ಟಿಗೆ ಇದು ಸಾಕು. ಆದರೆ ‘ತೂಂಗು’ವಿನ ಹಳೆಯ ಅರ್ಥ ಜೋತಾಡು, ನೇತಾಡು. ಕನ್ನಡದ ‘ತೂಗು’ ಅದೇ: ತೊಟ್ಟಿಲು ತೂಗುತ್ತದೆ, ತಕ್ಕಡಿ ತೂಗುತ್ತದೆ. ನಿದ್ದೆಯ ಅರ್ಥ ಕನ್ನಡದಲ್ಲಿ ಇಲ್ಲವೇ ಎಂದು ಕೇಳಿಕೊಂಡರೆ, ಅದೇ ಬೇರಿನ ಬಳಗದಲ್ಲಿ ‘ತೂಕಡಿಸು’ ಇದೆ. ಕೂತಲ್ಲೇ ತಲೆ ತೂಗಿ ನಿದ್ದೆಗೆ ಜಾರುವುದು. ತಮಿಳು ಇಡೀ ನಿದ್ದೆಗೆ ಕೊಟ್ಟ ಪದವನ್ನು ಕನ್ನಡ ನಿದ್ದೆಯ ಹೊಸ್ತಿಲಿಗೆ ಮಾತ್ರ ಇಟ್ಟುಕೊಂಡಿತು. ಹಾಗೆಯೇ ತಮಿಳಿನಲ್ಲಿ ‘ಸೊಲ್’ ಎಂದರೆ ಹೇಳು. ನಮ್ಮಲ್ಲಿ ಆ ಕ್ರಿಯಾಪದ ಬಳಕೆ ತಪ್ಪಿದೆ, ‘ಸೊಲ್ಲು’ ಎಂಬ ನಾಮಪದ ಉಳಿದಿದೆ, ಸೊಲ್ಲೆತ್ತದೆ ಕೂರುವುದೂ ಉಳಿದಿದೆ. ನೆರೆಭಾಷೆಯ ಪದಗಳಲ್ಲಿ ಬಹಳಷ್ಟಕ್ಕೆ ಅರ್ಥ ನಮ್ಮ ಭಾಷೆಯ ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತದೆ. ಆ ಮೂಲೆಗೆ ನೇರವಾಗಿ ಕರೆದೊಯ್ಯುವ ನಿಘಂಟು ಓದುಗನಿಗೆ ಒಂದೇ ಏಟಿಗೆ ಎರಡು ಭಾಷೆ ಕಲಿಸುತ್ತದೆ. ಇಂಗ್ಲಿಷಿನ ಸೇತುವೆ ಆ ಮೂಲೆಗಳ ಮೇಲಿಂದ ಹಾದುಹೋಗುತ್ತದೆ.

ಈಗ ಎದುರು ಪಕ್ಷದ ಬಲವಾದ ಸಾಕ್ಷಿಯನ್ನೂ ನಾನೇ ಒದಗಿಸುತ್ತೇನೆ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನ ‘ಕರೈ’ ದಡ; ಕನ್ನಡದ ಕೆರೆ ನೀರು ನಿಲ್ಲುವ ಜಾಗ. ಅವರ ‘ಏರಿಕ್ಕರೈ’, ನಮ್ಮ ‘ಕೆರೆಯೇರಿ’ ಎರಡೂ ಒಂದೇ ವಸ್ತು, ಪದಗಳು ಮಾತ್ರ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ಮಾರ್ಟಳ್ಳಿಯವರೊಬ್ಬರು ‘ಏರಿ ಒಡೆಂಜಿರುಚ್ಚು’ ಎಂದರೆ ಕನ್ನಡದವರಿಗೆ ಕೂಡಲೇ ತಿಳಿಯುತ್ತದೆ, ಏಕೆಂದರೆ ಕೆರೆ ಒಡೆದರೂ ಏರಿ ಒಡೆದರೂ ನೀರು ಹೋಗುವುದು ಒಂದೇ. ‘ಏರಿಯಿಲೆ ತಣ್ಣಿ ಇಲ್ಲೆ’ ಎಂದಾಗ ಮಾತ್ರ ಕನ್ನಡದ ಕಿವಿ ಎಡವುತ್ತದೆ: ಏರಿಯಲ್ಲಿ ನೀರು ಏಕಿರಬೇಕು? ಇಲ್ಲಿ ಇಂಗ್ಲಿಷ್ ದಾರಿ ಸರಿಯಾದ ಊರಿಗೇ ಮುಟ್ಟಿಸುತ್ತದೆ: ಏರಿ, ಟ್ಯಾಂಕ್, ಕೆರೆ. ಬಂಧುತ್ವವನ್ನೇ ನಂಬಿ ಹೋದವನು ದಾರಿ ತಪ್ಪುತ್ತಾನೆ. ಅಷ್ಟೇ ಅಲ್ಲ, ಕೆರೆ ಮತ್ತು ಕರೈ ಒಂದೇ ಪದ, ಕಾಲಾಂತರದಲ್ಲಿ ಅರ್ಥ ಜಾರಿತು ಎಂದು ಊಹಿಸಿ ಇನ್ನೂ ದೊಡ್ಡ ಹಳ್ಳಕ್ಕೆ ಬೀಳುತ್ತಾನೆ. ಹಳಗನ್ನಡದಲ್ಲಿ ಅದು ಶಕಟರೇಫದ ‘ಕೆಱೆ’. ತಮಿಳಿನ ಕರೈಗೆ ಒಡಹುಟ್ಟು ನಮ್ಮ ‘ಕರೆ’, ಕಡಲ ಕರೆ ಎನ್ನುವಾಗಿನದು. ಬರೊ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ (1961, ಪರಿಷ್ಕೃತ ಮುದ್ರಣ 1984) ಈ ಎರಡೂ ಬೇರೆಬೇರೆ ನಮೂದುಗಳು.

ಹಾಗಾದರೆ ಇಂಗ್ಲಿಷೇ ಮೇಲಲ್ಲವೇ? ಅಲ್ಲ. ವೇಷಧಾರಿ ಪದಗಳಿಂದ ಇಂಗ್ಲಿಷ್ ಕಾಪಾಡುತ್ತದೆ, ಒಳಗಿನ ನಂಟನ್ನು ಮುಚ್ಚುತ್ತದೆ. ನೇರ ನಿಘಂಟಿಗೆ ಎರಡೂ ಸಾಧ್ಯ, ಅದನ್ನು ಸರಿಯಾಗಿ ಮಾಡಿದರೆ. ಸರಿಯಾಗಿ ಮಾಡದಿದ್ದರೆ ಅದು ಬರಿಯ ಜ್ಞಾತಿಪದಗಳ ಪಟ್ಟಿಯಾಗುತ್ತದೆ. ಕಾಡು ಎದುರಿಗೆ ಕಾಡು, ಏರಿ ಎದುರಿಗೆ ಏರಿ, ಮನೆ ಎದುರಿಗೆ ಮನೈ. ತಮಿಳಿನಲ್ಲಿ ಇವತ್ತು ‘ಮನೈ’ ಕೊಂಡೆ ಎಂದವನು ಕೊಂಡಿರುವುದು ಮನೆಯನ್ನಲ್ಲ, ನಿವೇಶನವನ್ನು. ದ್ರಾವಿಡ ಭಾಷಾಶಾಸ್ತ್ರದ ಅಭಿಮಾನಿಗಳು ನಮ್ಮಲ್ಲಿ ಮಾಡಿರುವ ತಪ್ಪು ಇದೇ. ಬೇರು ಒಂದೇ ಎಂದು ತೋರಿಸಿದರೆ ಅರ್ಥವನ್ನೂ ತೋರಿಸಿದಂತಾಯಿತು ಎಂದು ಅವರು ಭಾವಿಸುತ್ತಾರೆ. ಬರೊ–ಎಮೆನೊ ಹಾಗೆ ಎಂದೂ ಹೇಳಲಿಲ್ಲ. ಅವರದು ವ್ಯುತ್ಪತ್ತಿಯ ಕೋಶ, ಒಂದೊಂದು ಭಾಷೆಯ ಅರ್ಥವನ್ನೂ ಬೇರೆಬೇರೆಯಾಗಿ ಕೊಟ್ಟಿದ್ದಾರೆ. ಆ ಅರ್ಥಗಳೆಲ್ಲ ಇಂಗ್ಲಿಷಿನಲ್ಲಿವೆ ಎಂಬುದು ಅವರ ತಪ್ಪೂ ಅಲ್ಲ. ಅದನ್ನು ಓದಿದ ನಾವು ನಮ್ಮ ಭಾಷೆಗೆ ಬೇಕಾದ ಮುಂದಿನ ಕೆಲಸವನ್ನು ಮಾಡಲಿಲ್ಲ.

ಸುತ್ತುದಾರಿಯ ನಷ್ಟ ಎಲ್ಲಿ ಆಗುತ್ತದೆ ಎಂಬುದನ್ನೂ ನಿಖರವಾಗಿ ಹೇಳಬೇಕು, ಇಲ್ಲದಿದ್ದರೆ ನಾನು ಇಂಗ್ಲಿಷಿನ ಮೇಲೆ ಬರಿದೇ ಹರಿಹಾಯ್ದಂತಾಗುತ್ತದೆ. ತಮಿಳಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ ‘ನಾಂ’, ಅವರನ್ನು ಹೊರಗಿಟ್ಟರೆ ‘ನಾಂಗಳ್’. ಒಳ್ಳೆಯ ತಮಿಳು–ಇಂಗ್ಲಿಷ್ ನಿಘಂಟು ಈ ವ್ಯತ್ಯಾಸವನ್ನು ಗುರುತಿಸಿಯೇ ಇರುತ್ತದೆ. ನಷ್ಟವಾಗುವುದು ಎರಡನೆಯ ಹಾದಿಯಲ್ಲಿ. ಇಂಗ್ಲಿಷ್–ಕನ್ನಡ ನಿಘಂಟಿಗೆ ಬರುವಾಗ ದಾಟುವುದು ‘ವೀ’ ಎಂಬ ಪದ ಮಾತ್ರ, ಅದರ ಪಕ್ಕದಲ್ಲಿದ್ದ ಟಿಪ್ಪಣಿ ದಾಟುವುದಿಲ್ಲ. ಇಂಗ್ಲಿಷ್–ಕನ್ನಡ ನಿಘಂಟು ಬರೆದವರು ಇಂಗ್ಲಿಷಿನ ‘ವೀ’ಗೆ ಅರ್ಥ ಬರೆದಿದ್ದಾರೆಯೇ ಹೊರತು ತಮಿಳಿನ ‘ನಾಂಗಳ್’ಗೆ ಅಲ್ಲ. ನಂಟಿನ ಪದಗಳಲ್ಲೂ ಇದೇ ಕಥೆ. ನಮ್ಮ ಅತ್ತೆ ತಮಿಳಿನ ಅತ್ತೈ, ದೊಡ್ಡಮ್ಮ ಪೆರಿಯಮ್ಮಾ, ಚಿಕ್ಕಮ್ಮ ಚಿತ್ತಿ. ಸೋದರಿಕೆಯ ಮದುವೆ ಇರುವ ಎರಡೂ ಸಮಾಜಗಳಲ್ಲಿ ಅಪ್ಪನ ತಂಗಿಗೂ ಗಂಡನ ತಾಯಿಗೂ ಒಂದೇ ಹೆಸರು. ‘ಆಂಟ್’ ಎಂಬ ಬಾಗಿಲಲ್ಲಿ ಮೂವರೂ ಒಬ್ಬರಾಗಿ ಹೋಗುತ್ತಾರೆ, ಅತ್ತೆಯಾಗಿ ಹೋದವಳು ಚಿತ್ತಿಯಾಗಿ ಹೊರಬರಬಹುದು. ಭತ್ತ, ಅಕ್ಕಿ, ಅನ್ನ. ನೆಲ್, ಅರಿಸಿ, ಸೋಱು: ಇಲ್ಲಿಯೂ ಮೂರಕ್ಕೆ ಮೂರು ಸರಿಹೊಂದುವಾಗ ಅಕ್ಕಿಗೂ ಅನ್ನಕ್ಕೂ ‘ರೈಸ್’ ಎಂಬ ಒಂದೇ ಪದದಲ್ಲಿ ತೃಪ್ತಿಪಡುವ ಭಾಷೆಯನ್ನು ಮಧ್ಯಸ್ಥಿಕೆಗೆ ಕರೆಯುವುದು ಯಾವ ಜಾಣತನ? ಮೊಬೈಲಿನ ಅನುವಾದ ಯಂತ್ರಗಳು ಬಹಳ ಕಾಲ ಇಂಗ್ಲಿಷನ್ನು ನಡುವೆ ಇಟ್ಟುಕೊಂಡೇ ಕೆಲಸ ಮಾಡಿದವು. ಪುಸ್ತಕದಲ್ಲಿದ್ದ ಆ ಅಭ್ಯಾಸವನ್ನು ಅವು ಯಂತ್ರದ ವೇಗಕ್ಕೆ ಏರಿಸಿವೆ.

ಹತ್ತಿರದ ಭಾಷೆಗಳಿಗೆ ನಿಘಂಟು ಬೇಡ ಎನ್ನುವವರಿಗೆ ಮಧ್ಯ ಯೂರೋಪಿನ ಒಂದು ಉದಾಹರಣೆ ಹೇಳಬೇಕು. ಚೆಕ್ ಮತ್ತು ಸ್ಲೋವಾಕ್ ಭಾಷೆಗಳು ಕನ್ನಡ–ತಮಿಳಿಗಿಂತ ಎಷ್ಟೋ ಹತ್ತಿರದವು. ಇವರು ತಮ್ಮ ಭಾಷೆಯಲ್ಲಿ, ಅವರು ತಮ್ಮ ಭಾಷೆಯಲ್ಲಿ ಮಾತಾಡಿಕೊಂಡೇ ಒಂದು ದೇಶವನ್ನು ನಡೆಸಿದರು. ಆ ದೇಶ ಒಂದಾಗಿದ್ದಾಗಲೇ, 1967ರಲ್ಲಿ ದೊಡ್ಡದೊಂದು ಸ್ಲೋವಾಕ್–ಚೆಕ್ ನಿಘಂಟು, 1979ರಲ್ಲಿ ಚೆಕ್–ಸ್ಲೋವಾಕ್ ನಿಘಂಟು ಬಂದವು. ಪರಸ್ಪರ ಅರ್ಥವಾಗುವವರಿಗೆ ಏಕೆ ಬೇಕಿತ್ತು? ‘ಖುದೀ’ ಎಂಬ ಪದಕ್ಕೆ ಚೆಕ್ಕಿನಲ್ಲಿ ಬಡವ, ಸ್ಲೋವಾಕಿನಲ್ಲಿ ತೆಳ್ಳಗಿನವ ಎಂಬ ಅರ್ಥಗಳಿದ್ದುದಕ್ಕೆ ಬೇಕಿತ್ತು. ಸ್ಲೋವಾಕರ ‘ಕಪುಸ್ತಾ’ ಮಾಮೂಲಿ ಎಲೆಕೋಸು, ಚೆಕ್ಕರ ‘ಕಪುಸ್ತಾ’ ಸುಕ್ಕು ಎಲೆಯ ಬೇರೊಂದು ಜಾತಿಯ ಕೋಸು. ಇಂಗ್ಲಿಷಿನ ‘ಕ್ಯಾಬೇಜ್’ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಪೂರಾ ಅರ್ಥವಾಗದ ಪದ ಬಂದಾಗ ನಾವು ನಿಂತು ನಿಘಂಟು ತೆಗೆಯುತ್ತೇವೆ. ಅರ್ಥವಾಯಿತು ಎಂದುಕೊಂಡ ಪದದ ಮುಂದೆ ಯಾರೂ ನಿಲ್ಲುವುದಿಲ್ಲ. ಹತ್ತಿರದ ಭಾಷೆಗೆ ನಿಘಂಟು ಹೆಚ್ಚು ಬೇಕಾಗುವುದು ಆ ಕಾರಣಕ್ಕೆ.

ಚೆಕ್ಕರ ಮಾತು ಬಂದಮೇಲೆ ಕಮಿಲ್ ಜ್ವೆಲೆಬಿಲ್ ಅವರನ್ನು ಬಿಡುವಂತಿಲ್ಲ. ಪ್ರಾಗ್‌ನಲ್ಲಿ 1927ರಲ್ಲಿ ಹುಟ್ಟಿದ ಈ ತಮಿಳು ವಿದ್ವಾಂಸರು ನೀಲಗಿರಿಯ ಇರುಳರ ಭಾಷೆಯ ಮೇಲೆ 1973ರಿಂದ ಹಲವು ಸಂಪುಟಗಳನ್ನು ಪ್ರಕಟಿಸಿದರು. ಬಡಗ ಭಾಷೆಗೆ ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ತಿಯಾನ್ ಪಿಲೋ-ರೈಶೂರ್ 1992ರಲ್ಲಿ ಬಡಗ–ಇಂಗ್ಲಿಷ್ ನಿಘಂಟು ತಂದರು. ಬಡಗ ಕನ್ನಡದ ಅತಿ ಹತ್ತಿರದ ನುಡಿ, ಇರುಳರ ನುಡಿ ತಮಿಳಿನ ಬಳಗದ್ದು. ಅವರ ಶ್ರಮಕ್ಕೆ ನಾನು ಋಣಿ. ಆದರೆ ಫಲಿತಾಂಶ ನೋಡಿ: ಗುಂಡ್ಲುಪೇಟೆಯ ಕನ್ನಡಿಗನೊಬ್ಬ ಬೆಟ್ಟದ ಮೇಲಿನ ಬಡಗ ನೆರೆಯವರ ಪದಕ್ಕೆ ಅರ್ಥ ಹುಡುಕಬೇಕಾದರೆ ಇಂಗ್ಲಿಷ್ ಕಲಿತಿರಬೇಕು.

ಹೀಗೇ ಆಗಬೇಕೆಂದಿರಲಿಲ್ಲ. ನಮ್ಮದೇ ಉಡುಪಿಯಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ಪ್ರತಿ ಪದಕ್ಕೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅರ್ಥ ಕೊಡುತ್ತದೆ, ಪ್ರದೇಶಕ್ಕೂ ಸಮುದಾಯಕ್ಕೂ ತಕ್ಕಂತೆ ಬದಲಾಗುವ ರೂಪಗಳನ್ನೂ ದಾಖಲಿಸುತ್ತದೆ. ಅದರಲ್ಲಿ ಇಂಗ್ಲಿಷಿಗೆ ಜಾಗವಿದೆ. ಅದು ಮೂರನೆಯವನ ಜಾಗ, ದೂರದ ಓದುಗನಿಗೆ ಬಾಗಿಲು ತೆರೆಯುವವನ ಜಾಗ. ನಾನು ಕೇಳುತ್ತಿರುವುದೂ ಅಷ್ಟೇ. ಇನ್ನು ಕೇರಳದ ತಲಶ್ಶೇರಿಯ ಞಾಟ್ಯೇಲ ಶ್ರೀಧರನ್. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದ ಇವರು ಸುಮಾರು ಕಾಲು ಶತಮಾನ ದುಡಿದು ಮಲಯಾಳಂ, ಕನ್ನಡ, ತಮಿಳು, ತೆಲುಗುಗಳ ಚತುರ್ಭಾಷಾ ನಿಘಂಟು ಸಿದ್ಧಪಡಿಸಿದರು. ಕಿಟ್ಟೆಲರ ಮಿಶನ್ನಿನವರೇ ಆದ ಗುಂಡರ್ಟ್, ಅದೇ ತಲಶ್ಶೇರಿಯಲ್ಲಿ ಬಾಳಿದವರು, 1872ರಲ್ಲಿ ಮಲಯಾಳಂ–ಇಂಗ್ಲಿಷ್ ನಿಘಂಟು ಕೊಟ್ಟಿದ್ದರು. ನೂರೈವತ್ತು ವರ್ಷಗಳ ಬಳಿಕ ಅದೇ ಊರಿನಲ್ಲಿ ಒಬ್ಬರು ಸುತ್ತುದಾರಿಗಳನ್ನೆಲ್ಲ ಬಿಟ್ಟು ನೆರೆಯವರ ಮನೆಗೇ ನೇರ ಹೋದರು. ಪತ್ರಿಕೆಗಳು ಇದನ್ನು ಒಬ್ಬ ಸಾಮಾನ್ಯನ ಛಲದ ಕಥೆಯಾಗಿ ಬರೆದವು. ಛಲ ದೊಡ್ಡದೇ. ಆದರೆ ಆ ಕೆಲಸದ ಹಿಂದಿನ ಬೌದ್ಧಿಕ ನಿಲುವು ಅದಕ್ಕಿಂತ ದೊಡ್ಡದು, ಅದನ್ನು ಯಾರೂ ಚರ್ಚಿಸಲಿಲ್ಲ. ಕನ್ನಡ–ತಮಿಳು ನಿಘಂಟುಗಳು ಬಂದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಂದವು ಕಿಟ್ಟೆಲರ ನಿಘಂಟಿನಂತೆ ವಿಮರ್ಶೆಗೆ, ಪರಿಷ್ಕಾರಕ್ಕೆ, ಜಗಳಕ್ಕೆ ಒಳಗಾಗಲಿಲ್ಲ.

ಕಿಟ್ಟೆಲರ ಬಗ್ಗೆಯೂ ಒಂದು ಮಾತು. ಅವರ ಹೆಸರನ್ನೇ ಮುಂದಿಟ್ಟು ಕನ್ನಡ–ಇಂಗ್ಲಿಷ್ ಮಾದರಿಯನ್ನು ಸಮರ್ಥಿಸುವವರು ಅವರ ಪುಟಗಳನ್ನು ಅರ್ಧ ಮಾತ್ರ ಓದಿದ್ದಾರೆ. ಕಿಟ್ಟೆಲರು ಕನ್ನಡ ಪದದ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳಂ, ತುಳು ರೂಪಗಳನ್ನು ಕಷ್ಟಪಟ್ಟು ಜೋಡಿಸಿದರು. ಮೈಸೂರು, ದಕ್ಷಿಣ ಮರಾಠಾ ಸೀಮೆ ಎಂದು ಬಳಕೆಯ ಜಾಗವನ್ನೂ ಗುರುತಿಸಿದರು. ಇಂಗ್ಲಿಷ್ ಅವರ ಓದುಗರ ಭಾಷೆಯಾಗಿತ್ತು, ಹಾಗಾಗಿ ಅರ್ಥ ಇಂಗ್ಲಿಷಿನಲ್ಲಿ ಬಂತು. ನಂಟಿನ ನೋಟ ಅವರದು, ಇಂಗ್ಲಿಷ್ ಅವರ ಕಾಲದ್ದು. ನಾವು ಕಾಲದ್ದನ್ನು ಹಿಡಿದುಕೊಂಡು ನೋಟವನ್ನು ಕೈಬಿಟ್ಟೆವು. ಮರಿಯಪ್ಪ ಭಟ್ಟರು ಅವರ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದ ಸಂಪುಟಗಳನ್ನು 1968ರಿಂದ ಪ್ರಕಟಿಸಿದ್ದು ಮದ್ರಾಸ್ ವಿಶ್ವವಿದ್ಯಾನಿಲಯ. 1924ರಿಂದ 1936ರವರೆಗೆ ತಮಿಳು ಲೆಕ್ಸಿಕನ್ ತಂದದ್ದೂ ಅದೇ ವಿಶ್ವವಿದ್ಯಾನಿಲಯ. ಒಂದೇ ಸಂಸ್ಥೆಯ ಕಪಾಟಿನಲ್ಲಿ ಎರಡು ಭಾಷೆಗಳ ಮಹಾಕೋಶಗಳು ಪಕ್ಕಪಕ್ಕ ಕೂತಿದ್ದವು, ಒಂದರ ಪದಕ್ಕೆ ಇನ್ನೊಂದರ ಅರ್ಥ ಬರೆಯುವ ಕೆಲಸ ಮಾತ್ರ ಆ ಗಾತ್ರದಲ್ಲಿ ನಡೆಯಲಿಲ್ಲ.

ಪರಿಷತ್ತಿನ ನಿಘಂಟಿನ ಮೇಲೆ ನನ್ನ ಆಕ್ಷೇಪ ಬೇರೆ ಬಗೆಯದು. ಅದು ಮುಖ್ಯವಾಗಿ ಶಾಸನ ಮತ್ತು ಕೃತಿಗಳ ಪ್ರಯೋಗವನ್ನು ಆಧರಿಸಿ ಕಟ್ಟಿದ ಚಾರಿತ್ರಿಕ ಕೋಶ. ಪದ ಒಳಗೆ ಬರಬೇಕಾದರೆ ಎಲ್ಲಾದರೂ ಬರಹದಲ್ಲಿ ಕಾಣಿಸಿಕೊಂಡಿರಬೇಕು. ಆ ಶಿಸ್ತು ಇಲ್ಲದಿದ್ದರೆ ಅಂಥ ಕೆಲಸ ಮುಗಿಯುತ್ತಲೂ ಇರಲಿಲ್ಲ. ಆದರೆ ಹನೂರಿನ ಮಾತು ಬರಹಕ್ಕೆ ಬಂದದ್ದೇ ಕಡಿಮೆ. ಬಂದಾಗಲೂ, ಮಾದೇಶ್ವರನ ಕಾವ್ಯದಂಥ ಮಹಾ ಮೌಖಿಕ ಕೃತಿಗಳ ಮೂಲಕ ಬಂತು. ನಂಜನಗೂಡು ಕಡೆಯ ಮಾತಿನಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದಾಗ, ಇದನ್ನು ಮೊದಲು ಕನ್ನಡಕ್ಕೆ ಅನುವಾದಿಸಬೇಕು ಎಂಬ ದೂರು ಎದ್ದಿದ್ದು ನೆನಪಿದೆ. ಮೈಸೂರಿನಿಂದ ಕೂಗಳತೆಯ ನಂಜನಗೂಡಿಗೇ ಆ ಗತಿಯಾದರೆ ಶಾಗ್ಯದ ಮಾತಿನ ಗತಿ ಏನು? ಅಲ್ಲಿನ ಒಬ್ಬ ಮುದುಕಿಯ ಪದವೊಂದು ನಿಘಂಟಿನಲ್ಲಿ ಸಿಗದಿದ್ದರೆ ಅದನ್ನು ತಮಿಳೆನ್ನುವ ಮೊದಲು ಶಾಸನಗಳನ್ನು ನೋಡಬೇಕು, ಸೋಲಿಗರನ್ನು ಕೇಳಬೇಕು, ಬರಗೂರಿನವರನ್ನು ಕೇಳಬೇಕು. ಎಷ್ಟೋ ಸಲ ಅದು ತಮಿಳೂ ಆಗಿರುತ್ತದೆ, ಕನ್ನಡವೂ ಆಗಿರುತ್ತದೆ. ಎರಡೂ ಭಾಷೆಯವರು ಒಂದೇ ನೆಲವನ್ನು ಉತ್ತದ್ದರಿಂದ ಉಳಿದ ಪದವಾಗಿರುತ್ತದೆ.

ಕಾವೇರಿಯ ಜಗಳವಿರುವಾಗ ಎರಡು ರಾಜ್ಯಗಳು ಸೇರಿ ಇಂಥ ಕೋಶ ಮಾಡುವುದುಂಟೇ ಎಂದು ಕೇಳುವವರಿದ್ದಾರೆ. ಎರಡು ರಾಜ್ಯಗಳು ಸೇರಬೇಕಾಗಿಲ್ಲ. ಹನೂರು, ಅಂದಿಯೂರು, ತಾಳವಾಡಿಗಳಲ್ಲಿ ಎರಡೂ ಭಾಷೆಗಳನ್ನು ದಿನವೂ ಆಡುವ ಉಪಾಧ್ಯಾಯರು, ಬಸ್ಸಿನ ನಿರ್ವಾಹಕರು, ದನದ ವ್ಯಾಪಾರಿಗಳು ಇದ್ದಾರೆ. ಯಾವ ಪದ ಎಲ್ಲಿ ಎಡವಿಸುತ್ತದೆ ಎಂದು ವಿಶ್ವವಿದ್ಯಾನಿಲಯಗಳಿಗಿಂತ ಚೆನ್ನಾಗಿ ಬಲ್ಲವರು ಅವರು. ಅವರ ಜೊತೆ ಕೂತು ಬರೆದ ನಿಘಂಟಿನಲ್ಲಿ ‘ಕಾಡು’ ಎಂಬ ನಮೂದು ಹೀಗಿರಬೇಕು. ಮೊದಲು, ಎರಡೂ ಭಾಷೆಗಳಲ್ಲಿ ಮರಗಿಡದ ಕಾಡು. ಎರಡನೆಯದು, ಕೊಂಗು ತಮಿಳಿನಲ್ಲಿ ಮಳೆ ಬೇಸಾಯದ ಹೊಲ. ಹೋಲಿಸಿ: ಕನ್ನಡ ಶಾಸನಗಳ ಕಾಡಾರಂಭ. ಮೂರನೆಯದು, ಹನೂರು ತಾಲ್ಲೂಕಿನಲ್ಲಿ ಯಾವ ಊರಿನವರು ಯಾವ ಅರ್ಥದಲ್ಲಿ ಬಳಸುತ್ತಾರೆ ಎಂಬ ಟಿಪ್ಪಣಿ. ಇಂಗ್ಲಿಷ್ ಅರ್ಥ ಕೊನೆಯ ಸಾಲಿನಲ್ಲಿ ಬರಲಿ. ‘ಫಾರೆಸ್ಟ್’ ಎಂಬುದು ಮೊದಲ ಅರ್ಥಕ್ಕೆ ಮಾತ್ರ ಸಲ್ಲುತ್ತದೆ ಎಂಬ ಎಚ್ಚರಿಕೆಯೊಂದಿಗೆ.